ಪೇಟೆಂಟ್‌ಸ್ಕೋಪ್: ಅಡಿಕೆ ಸುಲಿಯುವ ಯಂತ್ರ ಮಾಡುವವನು ಬಳಸಿ ನೋಡಿದ್ದು

ಶಿವಮೊಗ್ಗದ ಹೊರಗೆ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. ಲೇಥ್, ಡ್ರಿಲ್ಲಿಂಗ್ ಮಿಷನ್, ವೆಲ್ಡಿಂಗ್ ಸೆಟ್, ಒಂದು ಹಳೇ ಪವರ್ ಪ್ರೆಸ್. ಗೇಟು, ಗ್ರಿಲ್ಲು ಮಾಡುತ್ತಾ ಶುರುವಾದ ಶೆಡ್ಡು, ಈಗ ಜಾಸ್ತಿ ಕೆಲಸ ಅಡಿಕೆ ಸುಲಿಯುವ ಯಂತ್ರದ್ದು. ಇಂಥ ಶೆಡ್ಡುಗಳು ಸಾಗರ, ತೀರ್ಥಹಳ್ಳಿ, ಶಿರಸಿ ಕಡೆ ಬೇಕಾದಷ್ಟಿವೆ. ಎಲ್ಲರದ್ದೂ ಒಂದೇ ಕಷ್ಟ. ಕೈಯಲ್ಲಿ ಕಸುಬಿದೆ, ಆದರೆ ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇದೇ ಕೆಲಸ ಹೇಗೆ ಮಾಡುತ್ತಾರೆ ಅಂತ ತಿಳಿಯುವ ದಾರಿ ಗೊತ್ತಿಲ್ಲ. ಪಕ್ಕದ ಶೆಡ್ಡಿನವನ ಯಂತ್ರ ನೋಡಿ ನಾವು, ನಮ್ಮದು ನೋಡಿ ಅವನು. ಹೀಗೇ ನಡೆಯುತ್ತದೆ.

ಆ ದಾರಿ ಒಂದಿದೆ, ಅದೂ ಕಾಸು ಖರ್ಚಿಲ್ಲದೆ. ಪೇಟೆಂಟ್‌ಸ್ಕೋಪ್ ಎಂಬ ಇಂಟರ್ನೆಟ್ ತಾಣ ಅದು. ಇದನ್ನು ನಡೆಸುವುದು ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ. ವಿಶ್ವಸಂಸ್ಥೆಯ ವಿಶೇಷ ಸಂಸ್ಥೆ ಅದು. ಬೇರೆ ಬೇರೆ ದೇಶಗಳ 10 ಕೋಟಿಗೂ ಹೆಚ್ಚು ಪೇಟೆಂಟ್ ದಾಖಲೆಗಳು ಇದರಲ್ಲಿ ಸಿಗುತ್ತವೆ. ಹುಡುಕಲು, ಓದಲು ಶುಲ್ಕ ಇಲ್ಲ. ಖಾತೆ ತೆರೆಯದೆಯೂ ಹುಡುಕಬಹುದು. ಹುಡುಕಾಟವನ್ನು ಉಳಿಸಿಟ್ಟುಕೊಳ್ಳಲು, ಪಟ್ಟಿ ಇಳಿಸಿಕೊಳ್ಳಲು ಮಾತ್ರ ಖಾತೆ ಬೇಕು, ಅದೂ ಉಚಿತ. ನಾನು ಕೆಲವು ವರ್ಷಗಳಿಂದ ಇದನ್ನು ಬಳಸುತ್ತಿದ್ದೇನೆ. ಯಾವುದಕ್ಕೆ ಒಳ್ಳೆಯದು, ಎಲ್ಲಿ ಕೈಕೊಡುತ್ತದೆ ಎಂದು ನಮ್ಮಂಥ ಸಣ್ಣ ಉದ್ಯಮದವರಿಗೆ ಹೇಳಬೇಕು ಅನ್ನಿಸಿತು.

ಪೇಟೆಂಟ್ ಅಂದ ಕೂಡಲೇ ನಮ್ಮವರು ಹೆದರುತ್ತಾರೆ. ಕೋರ್ಟು, ನೋಟಿಸು, ದಂಡ ಅಂತ ತಲೆಗೆ ಬರುತ್ತದೆ. ಪೇಟೆಂಟಿನ ಇನ್ನೊಂದು ಮುಖವನ್ನು ಯಾರೂ ಹೇಳಿಕೊಡುವುದಿಲ್ಲ. ಯಂತ್ರ ಕಂಡುಹಿಡಿದವನಿಗೆ ಸರ್ಕಾರ ಅರ್ಜಿ ಹಾಕಿದ ದಿನದಿಂದ 20 ವರ್ಷ ಹಕ್ಕು ಕೊಡುತ್ತದೆ. ಅದಕ್ಕೆ ಬದಲಾಗಿ ಅವನು ತನ್ನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಪೂರ್ತಿ ಬರೆದುಕೊಡಬೇಕು. ಆ ಕಸುಬು ಬಲ್ಲ ಇನ್ನೊಬ್ಬ ಅದನ್ನು ಓದಿ ಮಾಡುವಷ್ಟು ವಿವರ ಇರಬೇಕು. ನಮ್ಮ 1970ರ ಪೇಟೆಂಟ್ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೇ ಬರೆಯಬೇಕು ಎನ್ನುತ್ತದೆ. 20 ವರ್ಷ ಮುಗಿದ ಮೇಲೆ ಅದು ಎಲ್ಲರದ್ದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ. ಅಮೆರಿಕದಲ್ಲಿ ಪಡೆದ ಪೇಟೆಂಟ್ ಅಮೆರಿಕದಲ್ಲಿ ನಡೆಯುತ್ತದೆ. ಅವನು ಭಾರತದಲ್ಲಿ ಅರ್ಜಿ ಹಾಕದಿದ್ದರೆ ಇಲ್ಲಿ ಅವನಿಗೆ ಹಕ್ಕಿಲ್ಲ. ಹಣ್ಣಿನ ಸಿಪ್ಪೆ ತೆಗೆಯುವ, ಕಾಳು ಒಣಗಿಸುವ, ಬೀಜ ಒಡೆಯುವ ಎಷ್ಟೋ ಯಂತ್ರಗಳಿಗೆ ಭಾರತದಲ್ಲಿ ಯಾರೂ ಅರ್ಜಿಯನ್ನೇ ಹಾಕಿಲ್ಲ. ಇಲ್ಲಿ ಮಾರುಕಟ್ಟೆ ಇದೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಅಂಥ ದಾಖಲೆ ನೋಡಿ ನಾವು ಇಲ್ಲಿ ಮಾಡಿದರೆ, ಇಲ್ಲೇ ಮಾರಿದರೆ ಅದು ಕಳ್ಳತನ ಅಲ್ಲ, ಕಾನೂನೇ ಹಾಗಿದೆ. ಪೇಟೆಂಟ್ ಜಾರಿಯಲ್ಲಿರುವ ದೇಶಕ್ಕೆ ಆ ಯಂತ್ರ ಕಳಿಸಿದರೆ ಮಾತ್ರ ಸಿಕ್ಕಿಬೀಳುತ್ತೇವೆ.

ಇದು ತಿಳಿಯುವ ಮೊದಲು ನಾನೊಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆ. ಹೆಸರು ಬೇಡ. ‘ಪೇಟೆಂಟ್ ಸರ್ಚ್ ರಿಪೋರ್ಟ್’ ಎಂದು ದಪ್ಪ ಫೈಲು ಕೊಟ್ಟರು, ಬಿಲ್ಲೂ ದಪ್ಪವೇ ಇತ್ತು. ಒಳಗಿದ್ದದ್ದು ಉಚಿತವಾಗಿ ಸಿಗುವ ದಾಖಲೆಗಳ ಪ್ರಿಂಟು. ಯಾವುದು ಭಾರತದಲ್ಲಿ ಜಾರಿಯಲ್ಲಿದೆ, ಯಾವುದು ಇಲ್ಲ ಎಂಬ ಒಂದೇ ಒಂದು ಸಾಲು ಅದರಲ್ಲಿರಲಿಲ್ಲ. ನನಗೆ ಬೇಕಿದ್ದದ್ದು ಅದೇ. ಎಲ್ಲಾ ಪೇಟೆಂಟ್ ಏಜೆಂಟರೂ ಹೀಗೆ ಅಂತ ಹೇಳುತ್ತಿಲ್ಲ. ಅರ್ಜಿ ಬರೆಯಲು, ಕ್ಲೇಮು (ಯಾವುದರ ಮೇಲೆ ಹಕ್ಕು ಬೇಕು ಎಂದು ಹೇಳುವ ಭಾಗ) ಜೋಡಿಸಲು ಒಳ್ಳೆಯ ಏಜೆಂಟ್ ಬೇಕೇ ಬೇಕು. ಆದರೆ ಬರೀ ಓದಿ ತಿಳಿಯುವ ಕೆಲಸಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ.

ಈಗ ಅಡಿಕೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮಲೆನಾಡಿನಲ್ಲಿ ಸುಲಿಯುವುದು ಹಸಿ ಅಡಿಕೆ. ಸುಲಿದು, ಬೇಯಿಸಿ, ತೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ, ಒಣಗಿಸಿದರೆ ಕೆಂಪಡಿಕೆ. ದಕ್ಷಿಣ ಕನ್ನಡದ ಕಡೆ ಹಣ್ಣಡಿಕೆ ಒಣಗಿಸಿ ಆಮೇಲೆ ಸುಲಿಯುವ ಚಾಲಿ. ಎರಡೂ ಅಡಿಕೆಯೇ ಆದರೂ ಯಂತ್ರಕ್ಕೆ ಎರಡೂ ಬೇರೆ. ಒಣಗಿದ ಸಿಪ್ಪೆ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ಹಸಿ ಸಿಪ್ಪೆ ಬಿಡುವುದಿಲ್ಲ, ನಾರು ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ರಸ ಅಂಟುತ್ತದೆ. ಮೆಟ್ಟುಗತ್ತಿಯಲ್ಲಿ, ಅಂದರೆ ಕಾಲಲ್ಲಿ ಒತ್ತಿ ಹಿಡಿಯುವ ಕತ್ತಿಯಲ್ಲಿ, ಸುಲಿಯುವ ಹೆಂಗಸರ ಕೈ ಕಾಯಿಯ ಗಾತ್ರ ನೋಡಿ ತಾನೇ ಬದಲಾಗುತ್ತದೆ. ಯಂತ್ರಕ್ಕೆ ಆ ಬುದ್ಧಿ ಇಲ್ಲ. ರೋಲರಿಗೂ ಎದುರಿನ ಪ್ಲೇಟಿಗೂ ನಡುವಿನ ಜಾಗ ದೊಡ್ಡ ಕಾಯಿಗೆ ಹೊಂದಿಸಿದರೆ ಸಣ್ಣದು ಸುಲಿಯದೆ ಹಾಗೇ ಬೀಳುತ್ತದೆ. ಸಣ್ಣದಕ್ಕೆ ಹೊಂದಿಸಿದರೆ ದೊಡ್ಡ ಅಡಿಕೆಗೆ ಕೆತ್ತು ಬೀಳುತ್ತದೆ.

ತೀರ್ಥಹಳ್ಳಿ ಕಡೆಯ ಒಬ್ಬ ಹಿರಿಯ ತೋಟದವರು ಯಂತ್ರ ತಗೊಂಡು ಹೋಗಿ, ಸೀಸನ್ ನಡುವೆಯೇ ಒಂದು ಚೀಲ ಅಡಿಕೆ ತಂದು ನನ್ನ ಮೇಜಿನ ಮೇಲೆ ಸುರಿದರು.

“ಯಂತ್ರ ಏನೋ ಚೆನ್ನಾಗಿ ಓಡ್ತದೆ ಮಾರಾಯ. ಆದ್ರೆ ಈ ಕೆತ್ತು ಬಿದ್ದ ಅಡಿಕೆ ಮಂಡಿಯಲ್ಲಿ ಯಾರು ತಗೋತಾರೆ?”

“ಸ್ವಲ್ಪ ಗ್ಯಾಪ್ ಜಾಸ್ತಿ ಮಾಡಿಕೊಡ್ತೀನಿ ರಾಯರೇ.”

“ಜಾಸ್ತಿ ಮಾಡಿದ್ರೆ ಅರ್ಧ ಹಾಗೇ ಬೀಳ್ತದೆ. ಅದನ್ನ ಮತ್ತೆ ಮೆಟ್ಟುಗತ್ತಿಗೇ ಹಾಕ್ಬೇಕು. ಮತ್ತೆ ಯಂತ್ರ ಯಾಕೆ?”

ಅವರು ಕೇಳಿದ್ದು ನೂರಕ್ಕೆ ನೂರು ಸರಿ. ಈ ಪ್ರಶ್ನೆ ಹಿಡಿದುಕೊಂಡೇ ನಾನು ಪೇಟೆಂಟ್‌ಸ್ಕೋಪಿನಲ್ಲಿ ಹುಡುಕಲು ಕೂತದ್ದು.

ಇಂಗ್ಲಿಷಿನಲ್ಲಿ ಅಡಿಕೆಗೆ ಒಂದೇ ಹೆಸರಿಲ್ಲ. ಅರೆಕಾ ನಟ್ ಅಂತಾರೆ, ಎರಡನ್ನೂ ಕೂಡಿಸಿ ಬರೆಯುತ್ತಾರೆ, ಬೀಟಲ್ ನಟ್ ಅಂತಲೂ ಅಂತಾರೆ. ಒಂದೊಂದಕ್ಕೂ ಬೇರೆ ಬೇರೆ ಫಲಿತಾಂಶ ಬರುತ್ತದೆ. ಇಲ್ಲಿ ಪೇಟೆಂಟ್‌ಸ್ಕೋಪಿನ ಒಂದು ಸೌಲಭ್ಯ ನಿಜಕ್ಕೂ ಉಪಕಾರಿ. ನಾವು ಇಂಗ್ಲಿಷಿನಲ್ಲಿ ಒಂದು ಪದ ಹಾಕಿದರೆ ಅದೇ ಅದಕ್ಕೆ ಸಮಾನ ಪದಗಳನ್ನು ಕೂಡಿಸಿ, ಚೀನಿ, ಜಪಾನಿ, ಕೊರಿಯನ್, ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲೂ ಹುಡುಕುತ್ತದೆ. ಸಿಕ್ಕ ದಾಖಲೆಯನ್ನು ಯಂತ್ರಾನುವಾದದಲ್ಲಿ ಇಂಗ್ಲಿಷಿಗೆ ತಿರುಗಿಸಿ ಓದಬಹುದು. ಅನುವಾದ ಒರಟಾಗಿರುತ್ತದೆ. ಆದರೆ ಚಿತ್ರ ಪಕ್ಕದಲ್ಲಿಟ್ಟುಕೊಂಡು ಓದಿದರೆ ಶೆಡ್ಡಿನವನಿಗೆ ಅರ್ಥವಾಗುತ್ತದೆ. ಶಾಫ್ಟು, ಬೇರಿಂಗು, ಸ್ಪ್ರಿಂಗು ಯಾವ ದೇಶದಲ್ಲೂ ಒಂದೇ ಥರ ಕಾಣುತ್ತವಲ್ವಾ.

ಹಾಗೆ ಹುಡುಕಿದಾಗ ಚೀನಾದ ಅಡಿಕೆ ಯಂತ್ರಗಳು ರಾಶಿ ಬಿದ್ದವು. ಮೊದಲು ಖುಷಿಯಾಯಿತು. ಓದುತ್ತಾ ಹೋದಂತೆ ಒಂದು ವಿಚಿತ್ರ ಗೊತ್ತಾಯಿತು. ಚೀನಾದಲ್ಲಿ ಅಡಿಕೆ ಬೆಳೆಯುವುದು ಹೆಚ್ಚಾಗಿ ಹೈನಾನ್ ದ್ವೀಪದಲ್ಲಿ, ಜಗಿಯುವ ಪದ್ಧತಿ ಜೋರಾಗಿರುವುದು ಹುನಾನ್ ಪ್ರಾಂತ್ಯದಲ್ಲಿ. ಅವರು ಜಗಿಯುವುದು ಸಿಪ್ಪೆಯನ್ನು! ಎಳೆ ಕಾಯಿಯನ್ನು ಒಣಗಿಸಿ, ಹೊಗೆ ಹಾಕಿ, ಸೀಳಿ, ಒಳಗಿನ ಅಡಿಕೆ ತೆಗೆದುಹಾಕಿ, ನಾರಿನ ಸಿಪ್ಪೆಗೆ ಸಿಹಿ ಮಸಾಲೆ ಸವರಿ ಪ್ಯಾಕೆಟ್ ಮಾಡುತ್ತಾರೆ. ಹಾಗಾಗಿ ಅವರ ಯಂತ್ರಗಳಲ್ಲಿ ಎಷ್ಟೋ ನಾವು ಉಳಿಸಿಕೊಳ್ಳುವುದನ್ನು ಎಸೆಯುವ ಯಂತ್ರಗಳು. ಅಡಿಕೆ ಒಡೆದರೂ ಅವರಿಗೆ ಚಿಂತೆ ಇಲ್ಲ, ಸಿಪ್ಪೆ ಹರಿಯಬಾರದು ಅಷ್ಟೇ. ನಮ್ಮ ಕಥೆ ಇದರ ತಿರುವುಮುರುವು.

ಆದರೂ ಅವುಗಳಿಂದ ಕಲಿಯಲು ಇತ್ತು. ಒಂದೊಂದೇ ಕಾಯಿಯನ್ನು ಉದ್ದಕ್ಕೆ ತಿರುಗಿಸಿ, ತೊಟ್ಟು ಒಂದೇ ಕಡೆ ಬರುವ ಹಾಗೆ ಸಾಲಾಗಿ ನಿಲ್ಲಿಸುವ ಕೆಲಸ ಅವರು ತುಂಬ ಚೆನ್ನಾಗಿ ಮಾಡಿದ್ದಾರೆ. ಅಡುಗೆಯವರು ತಟ್ಟೆ ಅಲ್ಲಾಡಿಸಿ ಕಲ್ಲು ಆರಿಸುವ ಹಾಗೆ, ನಡುಗುವ ಟ್ರೇ ಒಂದು ಕಾಯಿಗಳನ್ನು ತಾನೇ ಸರಿಸಿ ಸಾಲಿಗೆ ತರುತ್ತದೆ. ಕಾಯಿ ಅಡ್ಡಡ್ಡ ಬಂದರೆ ಬ್ಲೇಡು ಅಡಿಕೆಯ ಹೊಟ್ಟೆಗೇ ಬೀಳುತ್ತದೆ. ಹಾಗಾಗಿ ಇದು ನಮಗೂ ಬೇಕಾದ ವಿದ್ಯೆಯೇ.

ಹೆಸರಿನಿಂದ ಹುಡುಕುವುದನ್ನು ಅಲ್ಲಿಗೆ ಬಿಟ್ಟು ವರ್ಗದಿಂದ ಹುಡುಕಿದೆ. ಪ್ರಪಂಚದ ಪೇಟೆಂಟುಗಳಿಗೆಲ್ಲ ಅಂತರರಾಷ್ಟ್ರೀಯ ವರ್ಗೀಕರಣ ಎಂಬ ಸಂಖ್ಯೆ ಇದೆ. ಬೀಜ, ಕಾಯಿಗಳ ಸಿಪ್ಪೆ ತೆಗೆಯುವ, ಒಡೆಯುವ ಯಂತ್ರಗಳೆಲ್ಲ ಎ23ಎನ್ 5/00 ಎಂಬ ಮನೆಯಲ್ಲಿ ಕೂತಿವೆ. ಅಡಿಕೆ ಎಂಬ ಹೆಸರೇ ಇಲ್ಲದ ಆಕ್ರೋಟು, ಬಾದಾಮಿ, ಪೆಕಾನ್, ತೆಂಗು, ಶೇಂಗಾ ಎಲ್ಲ ಅಲ್ಲಿ ಸಿಗುತ್ತವೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಡಿಕೆಯ ದಾಖಲೆಯಲ್ಲಿ ಅಲ್ಲ, ಆಕ್ರೋಟಿನ ದಾಖಲೆಯಲ್ಲಿ. ಅವಧಿ ಮುಗಿದು ಎಷ್ಟೋ ಕಾಲವಾದ ಒಂದು ಹಳೇ ಅಮೆರಿಕನ್ ಪೇಟೆಂಟ್. ಅವರಿಗೂ ಇದೇ ಕಷ್ಟ ಇತ್ತು. ಕಾಯಿಗಳ ಗಾತ್ರ ಒಂದೇ ಸಮ ಇಲ್ಲ, ಒಳಗಿನ ತಿರುಳಿಗೆ ಏಟು ಬೀಳಬಾರದು. ಅವರು ಎದುರಿನ ಪ್ಲೇಟನ್ನು ಗಟ್ಟಿಯಾಗಿ ಬೋಲ್ಟ್ ಮಾಡಿರಲಿಲ್ಲ. ಮೇಲ್ತುದಿಗೆ ಹಿಂಜ್ ಕೊಟ್ಟು, ಕೆಳತುದಿಯನ್ನು ಸ್ಪ್ರಿಂಗ್ ಮೇಲೆ ಕೂರಿಸಿದ್ದರು. ಮೇಲೆ ಜಾಗ ಅಗಲ, ಕೆಳಗೆ ಕಿರಿದು. ದೊಡ್ಡ ಕಾಯಿ ಬಂದರೆ ಪ್ಲೇಟು ತಾನೇ ಹಿಂದೆ ಸರಿಯುತ್ತದೆ, ಸಣ್ಣದು ಬಂದರೆ ಮುಂದೆ ಬರುತ್ತದೆ. ಅಷ್ಟೇ. ಆ ಚಿತ್ರ ನೋಡಿ ನಾನೂ ನಮ್ಮ ಫಿಟ್ಟರ್ ಅಣ್ಣನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಇದನ್ನ ನಾವೇ ಮಾಡ್ಬಹುದಿತ್ತಲ್ಲ ಸಾರ್?” ಅಂದ.

ಮಾಡಬಹುದಿತ್ತು, ಯಾವತ್ತಾದರೂ ಒಂದು ದಿನ. ಆ ದಿನವನ್ನು ಹತ್ತಿರ ತಂದದ್ದು ಆ ಹಳೇ ಕಾಗದ.

ಇಲ್ಲಿಂದ ಮುಂದೆ ಪೇಟೆಂಟ್ ದಾಖಲೆಯ ಮಿತಿಯೂ ಗೊತ್ತಾಗುತ್ತದೆ. ಅದರಲ್ಲಿ ಅಳತೆ ಇಲ್ಲ. ಸ್ಪ್ರಿಂಗ್ ಅಂದಿದೆ, ತಂತಿ ಎಷ್ಟು ದಪ್ಪ ಅಂದಿಲ್ಲ. ಪ್ಲೇಟ್ ಅಂದಿದೆ, ಎಂಎಸ್ (ಮಾಮೂಲಿ ಉಕ್ಕು) ಸಾಕೋ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೇಕೋ ಅಂದಿಲ್ಲ. ಚಿತ್ರವೂ ಸ್ಕೇಲಿಗೆ ಬರೆದದ್ದಲ್ಲ, ಟೇಪು ಇಟ್ಟು ಅಳೆಯಲು ಬರುವುದಿಲ್ಲ. ಆಕ್ರೋಟಿನ ಒಣ ಓಡಿಗೆ ಸರಿಹೋದ ಸ್ಪ್ರಿಂಗು ನಮ್ಮ ಹಸಿ ನಾರಿಗೆ ಹೊಂದುವುದಿಲ್ಲ. ಬಿಗಿ ಸ್ಪ್ರಿಂಗ್ ಹಾಕಿದರೆ ಅಡಿಕೆಯ ಮೈ ಕೆತ್ತುತ್ತಿತ್ತು, ಸಡಿಲ ಹಾಕಿದರೆ ಸಿಪ್ಪೆ ಜಾರುತ್ತಿತ್ತು. ಪ್ಲೇಟಿನ ಮೇಲೆ ರಬ್ಬರ್ ಹಾಳೆ ಅಂಟಿಸಿದೆವು. ಅಡಿಕೆಯ ರಸಕ್ಕೆ ಮಾಮೂಲಿ ರಬ್ಬರ್ ಬೇಗ ಗಟ್ಟಿಯಾಗಿ ಸೀಳು ಬಿಟ್ಟಿತು. ಆಮೇಲೆ ನೈಟ್ರೈಲ್ ರಬ್ಬರಿಗೆ ಬಂದೆವು, ಅದು ನಿಂತಿತು. ಸಂಜೆ ತೊಳೆದಿಡಲು ಸುಲಭ ಆಗಲಿ ಅಂತ ಪ್ಲೇಟನ್ನು ಬಿಚ್ಚಿ ತೆಗೆಯುವ ಹಾಗೆ ಮಾಡಿದೆವು. ಇದೆಲ್ಲ ನಮ್ಮ ಶೆಡ್ಡಿನಲ್ಲಿ ಕೈ ಕೊಳೆ ಮಾಡಿಕೊಂಡೇ ಆಗಬೇಕಾದ ಕೆಲಸ. ತೀರ್ಥಹಳ್ಳಿಯವರು ಬದಲಾಯಿಸಿದ ಪ್ಲೇಟು ಹಾಕಿಸಿಕೊಂಡು ಹೋಗಿ ಮುಂದಿನ ಕೊಯ್ಲಿಗೆ ಓಡಿಸಿದರು. ಕೆತ್ತು ಪೂರ್ತಿ ನಿಲ್ಲಲಿಲ್ಲ, ಆದರೆ ಅವರು ಮತ್ತೆ ಚೀಲ ಹೊತ್ತು ಬರಲಿಲ್ಲ. ಅವರ ತಮ್ಮನ ಮನೆಗೂ ಒಂದು ಯಂತ್ರ ಹೋಯಿತು.

ಇನ್ನೊಂದು ಎಚ್ಚರಿಕೆ. ಪೇಟೆಂಟ್ ಸಿಕ್ಕಿದೆ ಅಂದ ಮಾತ್ರಕ್ಕೆ ಆ ಯಂತ್ರ ಚೆನ್ನಾಗಿ ಓಡುತ್ತದೆ ಅಂತಲ್ಲ. ಪೇಟೆಂಟ್ ಕಚೇರಿಯವರು ಅಡಿಕೆ ಹಾಕಿ ಪರೀಕ್ಷೆ ಮಾಡುವುದಿಲ್ಲ. ಹೊಸದೇ, ಆ ಕಸುಬಿನವರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲವೇ, ಉದ್ಯಮಕ್ಕೆ ಬಳಸಬಹುದೇ ಎಂದು ಕಾಗದದ ಮೇಲೆ ನೋಡುತ್ತಾರೆ. ಹಾಗಾಗಿ ದಾಖಲೆಯ ಹೊಗಳಿಕೆಯ ಭಾಗ ಓದುತ್ತಾ ಸಮಯ ಕಳೆಯಬೇಡಿ. ನಾನು ಮೊದಲು ಚಿತ್ರ ನೋಡುತ್ತೇನೆ. ಚಿತ್ರದಲ್ಲಿ ಯಾವುದೋ ಭಾಗಕ್ಕೆ 34 ಅಂತ ಗುರುತಿದ್ದರೆ ವಿವರಣೆಯಲ್ಲಿ 34 ಎಲ್ಲಿ ಬರುತ್ತದೆ ಅಂತ ಹುಡುಕಿ ಅಷ್ಟೇ ಓದುತ್ತೇನೆ. ವಿವರಣೆಯ ಶುರುವಿನಲ್ಲಿ ಹಳೇ ಯಂತ್ರಗಳ ತೊಂದರೆ ಬರೆದಿರುತ್ತಾರೆ. ಅದು ಚಿನ್ನದಂಥ ಭಾಗ. ನಮಗಿಂತ ಮೊದಲು ಯಾರು ಏನು ಮಾಡಿ ಸೋತರು ಅಂತ ಅಲ್ಲಿ ಪುಕ್ಕಟೆ ಸಿಗುತ್ತದೆ. ಕೊನೆಯಲ್ಲಿ ಕ್ಲೇಮು. ಹಕ್ಕು ಎಷ್ಟರ ಮೇಲೆ ಅಂತ ಹೇಳುವುದು ಕ್ಲೇಮು ಮಾತ್ರ. ಇಡೀ ದಾಖಲೆಯಲ್ಲಿ ಬರೆದದ್ದೆಲ್ಲ ಅವನ ಹಕ್ಕಲ್ಲ.

ಭಾರತದಲ್ಲಿ ಜಾರಿಯಲ್ಲಿದೆಯೋ ಇಲ್ಲವೋ ಎಂಬುದಕ್ಕೆ ಪೇಟೆಂಟ್‌ಸ್ಕೋಪ್ ಒಂದನ್ನೇ ನಂಬಬಾರದು. ಇಲ್ಲಿ ಕೊನೆಯ ಮಾತು ನಮ್ಮ ಪೇಟೆಂಟ್ ಕಚೇರಿಯದು. ಅವರ ಇನ್‌ಪಾಸ್ ಎಂಬ ಹುಡುಕಾಟವೂ ಉಚಿತ. ಅದರಲ್ಲಿ ಅರ್ಜಿದಾರನ ಹೆಸರು, ವರ್ಗ, ಪದ ಯಾವುದರಿಂದಲೂ ಹುಡುಕಬಹುದು. ಪೇಟೆಂಟ್ ಸಿಕ್ಕಿದ್ದರೆ ಇ-ರಿಜಿಸ್ಟರ್ ತೆರೆದು ವರ್ಷದ ಶುಲ್ಕ ಕಟ್ಟಿದ್ದಾರಾ ಅಂತ ನೋಡಬಹುದು. ಭಾರತದಲ್ಲಿ ಮೂರನೇ ವರ್ಷದಿಂದ ಪ್ರತಿ ವರ್ಷ ನವೀಕರಣ ಶುಲ್ಕ ಕಟ್ಟಬೇಕು, ಕಟ್ಟದಿದ್ದರೆ ಪೇಟೆಂಟ್ ಬಿದ್ದುಹೋಗುತ್ತದೆ. ಆದರೆ ಬಿದ್ದ ತಕ್ಷಣ ಹಾರಿ ಬೀಳಬೇಡಿ. 18 ತಿಂಗಳ ಒಳಗೆ ಅರ್ಜಿ ಕೊಟ್ಟು ಅದನ್ನು ಮತ್ತೆ ಜೀವ ಮಾಡಿಸಿಕೊಳ್ಳಲು ಅವರಿಗೆ ಅವಕಾಶ ಇದೆ.

ಪಿಸಿಟಿ, ಅಂದರೆ ಪೇಟೆಂಟ್ ಸಹಕಾರ ಒಪ್ಪಂದದ ಅರ್ಜಿಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಇವು ಒಂದೇ ಅರ್ಜಿಯಿಂದ ಹಲವು ದೇಶಗಳಿಗೆ ದಾರಿ ತೆರೆದಿಟ್ಟುಕೊಳ್ಳುವಂಥವು, ಪೇಟೆಂಟ್‌ಸ್ಕೋಪಿನಲ್ಲಿ ಡಬ್ಲ್ಯೂಒ ಎಂಬ ಅಕ್ಷರದಿಂದ ಶುರುವಾಗುತ್ತವೆ. ಪ್ರತಿ ಗುರುವಾರ ಹೊಸದು ಪ್ರಕಟವಾಗುತ್ತವೆ. ಪ್ರಕಟವಾದ ದಿನವೇ ಇಲ್ಲಿ ಓದಬಹುದು ಎಂಬುದು ಈ ತಾಣದ ದೊಡ್ಡ ಬಲ. ಆದರೆ ಮೊದಲ ಅರ್ಜಿಯ ದಿನದಿಂದ 31 ತಿಂಗಳವರೆಗೆ ಅವರು ಭಾರತಕ್ಕೆ ಬರಬಹುದು. ಇವತ್ತು ಇನ್‌ಪಾಸಿನಲ್ಲಿ ಕಾಣಲಿಲ್ಲ ಎಂದರೆ ನಾಳೆ ಬರುವುದಿಲ್ಲ ಎಂದಲ್ಲ. ಹಾಗಾಗಿ ನಾನು ಯಂತ್ರಕ್ಕೆ ತಗೊಳ್ಳುವುದು 20 ವರ್ಷ ದಾಟಿದ ದಾಖಲೆಗಳನ್ನೇ. ಹೊಸ ದಾಖಲೆಗಳನ್ನು ಓದುತ್ತೇನೆ, ಕಲಿಯುತ್ತೇನೆ. ಶೆಡ್ಡಿನಲ್ಲಿ ಪ್ರಯೋಗಕ್ಕೆ ಮಾಡಿ ನೋಡಲು ನಮ್ಮ ಕಾಯ್ದೆಯ 47ನೇ ಸೆಕ್ಷನ್ ಅಡ್ಡಿ ಮಾಡುವುದಿಲ್ಲ. ಮಾರಲು ಮಾತ್ರ ಹೋಗುವುದಿಲ್ಲ.

ಇದೇ ಕೆಲಸಕ್ಕೆ ಗೂಗಲ್ ಪೇಟೆಂಟ್ಸ್ ಇದೆ, ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ಇದೆ. ಎರಡೂ ಉಚಿತ. ಬೇಗ ಒಂದು ಕಣ್ಣು ಹಾಯಿಸಲು ಗೂಗಲ್ ಸಲೀಸು. ಒಂದೇ ಆವಿಷ್ಕಾರಕ್ಕೆ ಯಾವ ಯಾವ ದೇಶದಲ್ಲಿ ಅರ್ಜಿ ಬಿದ್ದಿದೆ ಅಂತ ಕುಟುಂಬ ನೋಡಲು ಎಸ್ಪಾಸ್‌ನೆಟ್ ಚೆನ್ನ. ಬೇರೆ ಭಾಷೆಗಳಲ್ಲಿ ಹುಡುಕಲು ಪೇಟೆಂಟ್‌ಸ್ಕೋಪ್. ನಾನು ಮೂರನ್ನೂ ಬಳಸುತ್ತೇನೆ, ಶುರು ಮಾಡುವುದು ಪೇಟೆಂಟ್‌ಸ್ಕೋಪಿನಿಂದ.

ಪೇಟೆಂಟ್‌ಸ್ಕೋಪಿನ ಮುಖ್ಯ ಕೊರತೆ ನಮ್ಮ ಭಾಷೆ. ಅದರ ಪರದೆ ಇಂಗ್ಲಿಷ್, ಫ್ರೆಂಚ್, ಅರಬ್ಬಿ, ಚೀನಿ, ಪೋರ್ಚುಗೀಸ್ ಹೀಗೆ ಹಲವು ಭಾಷೆಗಳಲ್ಲಿ ಸಿಗುತ್ತದೆ, ಭಾರತದ ಯಾವ ಭಾಷೆಯೂ ಅದರಲ್ಲಿಲ್ಲ. ನಮ್ಮ ಫಿಟ್ಟರ್ ಅಣ್ಣ ಐಟಿಐ ಓದಿದವನು. ಡ್ರಾಯಿಂಗ್ ಓದುವುದರಲ್ಲಿ ನನಗಿಂತ ಚುರುಕು. ಆದರೆ ಇಂಗ್ಲಿಷಿನ ಉದ್ದುದ್ದ ವಾಕ್ಯ ಬಂದ ಕೂಡಲೇ ಕೈಬಿಡುತ್ತಾನೆ. ಪೇಟೆಂಟಿನ ಇಂಗ್ಲಿಷು ವಕೀಲರ ಇಂಗ್ಲಿಷು, ಅದು ಇಂಗ್ಲಿಷ್ ಬಲ್ಲವರಿಗೂ ಕಷ್ಟ. ಮಾಹಿತಿ ಉಚಿತ ಅಂದರೆ ಸಾಲದು, ಪಕ್ಕದಲ್ಲಿ ಕೂತು ಓದಿ ಹೇಳುವ ಒಬ್ಬರು ಬೇಕು.

ಇದು ವೈಪೊದವರಿಗೂ ಗೊತ್ತಿದೆ. 2009ರಿಂದ ಅವರು ಅಭಿವೃದ್ಧಿಶೀಲ ದೇಶಗಳಲ್ಲಿ ತಂತ್ರಜ್ಞಾನ ಮತ್ತು ಆವಿಷ್ಕಾರ ಬೆಂಬಲ ಕೇಂದ್ರಗಳನ್ನು ಅಲ್ಲಿನ ಸಂಸ್ಥೆಗಳ ಜೊತೆ ಸೇರಿ ನಡೆಸುತ್ತಿದ್ದಾರೆ. ಟಿಸ್ಕ್ ಎಂದು ಅವುಗಳ ಹೆಸರು. ಭಾರತದ ಮೊದಲ ಟಿಸ್ಕ್ ಪಂಜಾಬಿನಲ್ಲಿ ಶುರುವಾಯಿತು. ನಮ್ಮ ಬೆಂಗಳೂರಿನಲ್ಲಿ ಐಐಎಸ್‌ಸಿ ಆವರಣದ ಒಳಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅಲ್ಲಿ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ಇದು ಸಣ್ಣ ಉದ್ಯಮದವರಿಗೆ ಗೊತ್ತೇ ಇಲ್ಲ. ಎಂಜಿನಿಯರಿಂಗ್ ಕಾಲೇಜಿನವರಿಗೆ ಗೊತ್ತು, ನಮ್ಮ ಇಂಡಸ್ಟ್ರಿಯಲ್ ಏರಿಯಾದ ಸಂಘಗಳಿಗೆ ಗೊತ್ತಿಲ್ಲ. ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಸಾಲದ ಯೋಜನೆಗಳ ಬೋರ್ಡು ಗೋಡೆ ತುಂಬ ಇರುತ್ತದೆ. ಅದರ ಪಕ್ಕದಲ್ಲೇ ‘ಯಂತ್ರದ ಹಳೇ ಡ್ರಾಯಿಂಗ್ ಹುಡುಕಿಕೊಡುತ್ತೇವೆ, ಕನ್ನಡದಲ್ಲಿ ಹೇಳಿಕೊಡುತ್ತೇವೆ’ ಎಂಬ ಒಂದು ಬೋರ್ಡು ಬೇಕು. ವಾರಕ್ಕೊಂದು ದಿನ ಒಬ್ಬ ಬಲ್ಲವರು ಕೂತರೂ ಸಾಕು. ಸಾಲಕ್ಕಿಂತ ಮೊದಲು ಬೇಕಾದದ್ದು ಇದು ಅಂತ ನನಗೆ ಅನ್ನಿಸುತ್ತದೆ. ಕೆಟ್ಟ ಯಂತ್ರಕ್ಕೆ ಸಾಲ ತಂದರೆ ಉಳಿಯುವುದು ಸಾಲ ಮಾತ್ರ.

ಬೇರೆ ಕಡೆ ಇದನ್ನು ಮಾಡಿ ತೋರಿಸಿದ್ದಾರೆ. ಕೊರಿಯಾದ ಪೇಟೆಂಟ್ ಕಚೇರಿಯವರು ಪೇಟೆಂಟ್ ದಾಖಲೆಗಳಿಂದ ಬಡ ದೇಶಗಳಿಗೆ ಹೊಂದುವ ತಂತ್ರಗಳನ್ನು ಆರಿಸಿ, ಆಫ್ರಿಕಾದ ಚಾಡ್ ದೇಶದಲ್ಲಿ ಕಬ್ಬಿನ ಸಿಪ್ಪೆಯಿಂದ ಇದ್ದಿಲು ಮಾಡುವುದನ್ನು ಹೇಳಿಕೊಟ್ಟರು. ಬರೀ ಕಾಗದ ಕಳಿಸಲಿಲ್ಲ, ಜನರ ಜೊತೆ ಕೂತು ಮಾಡಿಸಿದರು.

ನಮ್ಮದೇ ದೇಶದ ದೊಡ್ಡ ಉದಾಹರಣೆ ಹಳ್ಳಿಯ ಬೋರ್‌ವೆಲ್ಲಿನ ಕೈಪಂಪು, ಇಂಡಿಯಾ ಮಾರ್ಕ್ 2. 1970ರ ದಶಕದಲ್ಲಿ ಬರಗಾಲದ ಊರುಗಳಲ್ಲಿ ಹಾಕಿದ ಬೀಡು ಕಬ್ಬಿಣದ ಪಂಪುಗಳು ಒಂದಾದ ಮೇಲೆ ಒಂದು ಮುರಿದು ಬೀಳುತ್ತಿದ್ದವು. ಅವು ಒಂದು ಮನೆಯ ಬಳಕೆಗೆ ಮಾಡಿದವು, ಇಡೀ ಊರು ಜಗ್ಗಿದರೆ ತಡೆಯುತ್ತವೆಯೇ? ಮಹಾರಾಷ್ಟ್ರದ ಜಾಲ್ನಾ, ಸೊಲ್ಲಾಪುರದ ಕಡೆ ಸಣ್ಣ ವರ್ಕ್‌ಶಾಪುಗಳಲ್ಲಿ ಹುಟ್ಟಿದ ಉಕ್ಕಿನ ಪಂಪಿನ ಆಧಾರದ ಮೇಲೆ ಯೂನಿಸೆಫ್, ಸರ್ಕಾರ ಮತ್ತು ಚೆನ್ನೈನ ಎಂಜಿನಿಯರುಗಳು ಸೇರಿ ಇದನ್ನು ಬೆಳೆಸಿದರು. ಇದಕ್ಕೆ ಯಾರೂ ಪೇಟೆಂಟ್ ಹಿಡಿಯಲಿಲ್ಲ. ಡ್ರಾಯಿಂಗು ಎಲ್ಲರಿಗೂ ತೆರೆದಿತ್ತು. ಐಎಸ್ 9301 ಎಂಬ ಭಾರತೀಯ ಮಾನಕವಾಗಿ ಬಂತು. ಹಾಗಾಗಿ ಯಾವ ಕಾರ್ಖಾನೆ ಮಾಡಿದರೂ ಬಿಡಿಭಾಗ ಒಂದಕ್ಕೊಂದು ಹೊಂದುತ್ತಿತ್ತು. ಅಲ್ಲಿಂದ ಅದು ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ಆ ಡ್ರಾಯಿಂಗಿನಲ್ಲಿ ಪ್ರತಿ ಭಾಗದ ಅಳತೆ, ಲೋಹ ಎಲ್ಲ ಇದೆ. ಪೇಟೆಂಟಿನಲ್ಲಿ ಸಿಗದ್ದು ಇದೇ. ನಮ್ಮ ಕಸುಬಿಗೆ ಪೇಟೆಂಟ್ ದಾಖಲೆ ಜೊತೆ ಇಂಥ ಅಳತೆ ಸಮೇತ ಡ್ರಾಯಿಂಗೂ ಬೇಕು. ಭಾರತೀಯ ಮಾನಕ ಬ್ಯೂರೊ ಈಗ ತನ್ನ ಮಾನಕಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ, ಅದನ್ನೂ ನೋಡಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಕಾಡುವ ವಿಷಯ ಒಂದಿದೆ. ಆ 10 ಕೋಟಿ ದಾಖಲೆಯಲ್ಲಿ ನಮ್ಮ ಶೆಡ್ಡುಗಳ ವಿದ್ಯೆ ಎಷ್ಟಿದೆ? ಸಾಗರದ ಕಡೆಯ ಒಬ್ಬ ಮೇಸ್ತ್ರಿ ಬ್ಲೇಡಿನ ತುದಿಯನ್ನು ಮೆಟ್ಟುಗತ್ತಿಯ ವಾರೆಯಲ್ಲೇ ಮಸೆಯುತ್ತಾರೆ, ನಾರು ಸುತ್ತಿಕೊಳ್ಳುವುದಿಲ್ಲ. ಅದು ಎಲ್ಲೂ ಬರೆದಿಲ್ಲ. ಬರೆದಿಡದ್ದಕ್ಕೆ ಕಾನೂನಿನಲ್ಲಿ ಬಲ ಕಮ್ಮಿ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಹಳೆಯ ಗ್ರಂಥಗಳನ್ನು, ಲೇಖನಗಳನ್ನು ಮುಂದಿಟ್ಟು ವಾದ ಮಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಬರೆದದ್ದು ಇತ್ತು, ಗೆದ್ದರು. ನಮ್ಮ ದೇಶದಲ್ಲಿ ಸಣ್ಣ ಸುಧಾರಣೆಗಳಿಗೆ ಚೀನಾದಲ್ಲಿರುವ ಹಾಗೆ ಹತ್ತು ವರ್ಷದ ಚಿಕ್ಕ ಪೇಟೆಂಟ್ ಪದ್ಧತಿಯೂ ಇಲ್ಲ. ಹಾಗಾಗಿ ಪೇಟೆಂಟ್ ಹಾಕುವಷ್ಟು ದೊಡ್ಡದಲ್ಲದ ಉಪಾಯಗಳನ್ನು ಡ್ರಾಯಿಂಗ್ ಸಮೇತ, ತಾರೀಕು ಹಾಕಿ, ಎಲ್ಲರೂ ಓದುವ ಕಡೆ ಪ್ರಕಟಿಸಿಬಿಡುವುದು ಒಳ್ಳೆಯದು. ಆಮೇಲೆ ಅದನ್ನು ಇನ್ನೊಬ್ಬ ತನ್ನದೆಂದು ಪೇಟೆಂಟ್ ಮಾಡಿಸಿಕೊಳ್ಳುವುದು ಕಷ್ಟ. ನಮ್ಮ ರಬ್ಬರ್ ಪ್ಲೇಟಿನ ಡ್ರಾಯಿಂಗ್ ಅನ್ನು ಹಾಗೆ ಪ್ರಕಟಿಸುವ ತಯಾರಿಯಲ್ಲಿದ್ದೇನೆ, ಸ್ಪ್ರಿಂಗಿನ ತಂತಿಯ ದಪ್ಪವನ್ನೂ ಬರೆದು. ದೊಡ್ಡ, ನಿಜಕ್ಕೂ ಹೊಸ ವಿಷಯ ಇದ್ದರೆ ಮಾತ್ರ ಉಲ್ಟಾ. ಮೊದಲು ಅರ್ಜಿ ಹಾಕಿ, ಆಮೇಲೆ ಬಾಯಿ ಬಿಡಿ. ಸಣ್ಣ ಉದ್ಯಮಗಳಿಗೆ ಅರ್ಜಿ ಶುಲ್ಕದಲ್ಲಿ 80% ರಿಯಾಯಿತಿ ಇದೆ, ಕರ್ನಾಟಕದವರು ಅರ್ಜಿ ಹಾಕುವುದು ಚೆನ್ನೈ ಕಚೇರಿಗೆ.

ಮೊದಲ ಸಲ ನೋಡುವವರಿಗೆ: ಮೊಬೈಲಿನಲ್ಲಿ ಬೇಡ, ಚಿತ್ರ ಕಾಣುವುದಿಲ್ಲ, ಸೈಬರ್ ಸೆಂಟರಿನ ಕಂಪ್ಯೂಟರ್ ಆದರೂ ಸರಿ. ಹೆಸರಿಗಿಂತ ವರ್ಗದ ಸಂಖ್ಯೆಯಿಂದ ಶುರು ಮಾಡಿ, ತಾರೀಕಿನ ಜಾಗದಲ್ಲಿ 20 ವರ್ಷಕ್ಕಿಂತ ಹಳೆಯದು ಮಾತ್ರ ಅಂತ ಕೊಡಿ. ಕಾಯಿ ಸುಲಿಯುವ ಯಂತ್ರಕ್ಕೆ ಎ23ಎನ್. ಅಕ್ಕಿ ಗಿರಣಿಯವರಿಗೆ ಬಿ02ಬಿ. ಕಬ್ಬು, ಸಕ್ಕರೆಗೆ ಸಿ13ಬಿ. ಒಣಗಿಸುವ ಡ್ರೈಯರ್ ಮಾಡುವವರಿಗೆ ಎಫ್26ಬಿ. ಸೌದೆ ಒಲೆಗೆ ಎಫ್24ಬಿ. ಮಗ್ಗದವರಿಗೆ ಡಿ03ಡಿ. ಕೊಯ್ಲಿನ ಯಂತ್ರಕ್ಕೆ ಎ01ಡಿ.